ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೊರಟಿದ್ದೀರಾ? ಚರಗ ಚೆಲ್ಲೋಕೆ ಹೀಗೆ ತಯಾರಾಗಿ

ಡಿಸೆಂಬರ್ ಬಂತೆಂದರೆ ನನ್ನ ಫೋನಿಗೆ ಬೆಂಗಳೂರು, ಪುಣೆ ಕಡೆಯಿಂದ ಕರೆ ಶುರುವಾಗುತ್ತದೆ. ಎಲ್ಲ ನಮ್ಮ ಕಾಕಾ, ಮಾಮಾನ ಮಕ್ಕಳೇ. "ಅಕ್ಕಾ, ಈ ಸಲ ಚರಗಕ್ಕ ಬರ್ತೀವಿ. ಏನ್ ತರಬೇಕು? ಪೂಜಿ ಹೆಂಗ? ಮಕ್ಕಳು ಖಾರ ತಿನ್ನಂಗಿಲ್ಲ, ಏನ್ ಮಾಡೋದು?" ಚರಗ ಅಂದರೆ ಹಬ್ಬದ ಅಡುಗೆಯ ಒಂದು ಪಾಲನ್ನು ಭೂತಾಯಿಗೆ ಅಂತ ಬೆಳೆ ನಿಂತ ಹೊಲದಲ್ಲಿ ಬೀರುವುದು. ಪ್ರತಿ ವರ್ಷ ಅದೇ ಉತ್ತರ ಹೇಳಿ ಹೇಳಿ ಸಾಕಾಗಿ, ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ನಮ್ಮದು ವಿಜಯಪುರ ಕಡೆಯ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಬೀದರ್, ಕಲಬುರಗಿ, ಕೊಪ್ಪಳದಲ್ಲಿ ಸಣ್ಣಪುಟ್ಟ ಫರಕು ಇರುತ್ತದೆ. ನಿಮ್ಮ ಮನೆಯ ಹಿರಿಯರು ಬೇರೆ ರೀತಿ ಹೇಳಿದರೆ ಅವರ ಮಾತು ಕೇಳಿ, ನನ್ನದಲ್ಲ.

ಮೊದಲು ದಿನ ನೋಡಿಕೊಳ್ಳಿ

ಮಾರ್ಗಶಿರ ಮಾಸದ ಕೊನೆಯ ದಿನ ಎಳ್ಳ ಅಮಾವಾಸ್ಯೆ. ಇಂಗ್ಲಿಷ್ ತಾರೀಖು ನೆಚ್ಚಿಕೊಂಡು ರಜೆ ಹಾಕಿದರೆ ಮೋಸ ಹೋಗುತ್ತೀರಿ. 2024ರಲ್ಲಿ ಈ ಹಬ್ಬ ಎರಡು ಸಲ ಬಂತು, ಜನವರಿ 11ಕ್ಕೆ ಒಮ್ಮೆ, ಡಿಸೆಂಬರ್ 30ಕ್ಕೆ ಇನ್ನೊಮ್ಮೆ. ಅದರ ಮುಂದಿನ ವರ್ಷ ಡಿಸೆಂಬರ್ 19ಕ್ಕೇ ಬಂದು ಹೋಯಿತು. ಹಾಗಾಗಿ ಪಂಚಾಂಗ ಇಲ್ಲವೇ ಗೋಡೆಯ ಕ್ಯಾಲೆಂಡರ್ ನೋಡಿ, ಊರಿಗೂ ಒಂದು ಫೋನ್ ಮಾಡಿ ಆಮೇಲೆ ಬಸ್ ಟಿಕೆಟ್ ತೆಗೆಸಿ.

ಸೀಗಿ ಹುಣ್ಣಿಮೆಯ ಚರಗ ಬೇರೆ, ಇದು ಬೇರೆ. ಸೀಗಿ ಹುಣ್ಣಿಮೆ ದಸರೆ ಮುಗಿದ ಮೇಲೆ ಬರುತ್ತದೆ, ಅದು ಮುಂಗಾರಿ ಬೆಳೆಗೆ. ಎಳ್ಳ ಅಮಾವಾಸ್ಯೆ ಹಿಂಗಾರಿಗೆ. ಬಿಳಿಜೋಳ, ಕಡಲೆ, ಗೋಧಿ, ಕುಸುಬಿ ಎಲ್ಲ ಈಗ ಹೊಲದಲ್ಲಿ ನಿಂತಿರುತ್ತವೆ. ಗಡಿಯಾಚೆ ಲಾತೂರು, ಧಾರಾಶಿವ ಕಡೆಯ ಮರಾಠಿ ಮಂದಿಯೂ ಇದೇ ಹಬ್ಬ ಮಾಡುತ್ತಾರೆ, 'ಯೆಳವಸ' ಅನ್ನುತ್ತಾರೆ. ಹೆಸರು ಹೋದದ್ದು ನಮ್ಮ ಕನ್ನಡದಿಂದಲೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇದು ರಾಶಿ ಮಾಡಿ, ಚೀಲ ತುಂಬಿ, ಪೇಟೆಯಲ್ಲಿ ದರ ಕೇಳಿದ ಮೇಲೆ ಹೇಳುವ ಉಪಕಾರ ಅಲ್ಲ. ಜೋಳ ಇನ್ನೂ ಹಾಲುಗಾಳು. ಕಡಲೆ ಕಾಯಿಯೊಳಗೆ ಬೇಳೆ ಗಟ್ಟಿಯಾಗಿಲ್ಲ. ಹುಳ ಬೀಳಬಹುದು, ಮೋಡ ಮುಚ್ಚಬಹುದು. ಏನು ಸಿಗುತ್ತದೋ ಗೊತ್ತಿಲ್ಲದ ಹೊತ್ತಿನಲ್ಲಿ ಭೂತಾಯಿಯನ್ನು ತುಂಬಿದ ಬಸುರಿ ಅಂತ ಕರೆದು ಉಣಿಸುವ ಹಬ್ಬ ಇದು. ಬಸುರಿಗೆ ಬಯಕೆ ಊಟ ಹಾಕುವಾಗ ಮಗು ಹೇಗಿರುತ್ತದೆ ಅಂತ ನೋಡಿ ಹಾಕುತ್ತೇವಾ? ಇಲ್ಲ ಅಲ್ವಾ.

ರೊಟ್ಟಿ: ಎರಡು-ಮೂರು ದಿನ ಮುಂಚೆ

ಅಡುಗೆಯಲ್ಲಿ ಮೊದಲು ಶುರುವಾಗುವುದು ರೊಟ್ಟಿ. ಖಡಕ್ ರೊಟ್ಟಿ ಎರಡು-ಮೂರು ದಿನ ಮುಂಚೆಯೇ ಬಡಿದಿಟ್ಟರೆ ಅಮಾವಾಸ್ಯೆ ದಿನ ಪಲ್ಯೆ, ಕಡುಬಿಗೆ ಕೈ ಬಿಡುವಾಗುತ್ತದೆ. ಒಂದು ಕಿಲೋ ಜೋಳದ ಹಿಟ್ಟಿಗೆ ನಮ್ಮ ಮನೆಯಲ್ಲಿ 18ರಿಂದ 20 ರೊಟ್ಟಿ ಆಗುತ್ತವೆ. ಹತ್ತು ಮಂದಿಗೆ ಎರಡು ಕಿಲೋ ಹಿಡಿಯಿರಿ. ಹೊಲದ ಗಾಳಿಗೆ ಎಲ್ಲರೂ ಮನೆಯಲ್ಲಿ ಉಣ್ಣುವುದಕ್ಕಿಂತ ಒಂದು ರೊಟ್ಟಿ ಜಾಸ್ತಿಯೇ ಉಣ್ಣುತ್ತಾರೆ.

ಸಜ್ಜೆ ರೊಟ್ಟಿ ಮಾತ್ರ ಇರಲೇಬೇಕು, ಅದರ ಮೇಲೆ ಎಳ್ಳು ಹಚ್ಚಿರಬೇಕು. ಸಜ್ಜೆ ಹಿಟ್ಟನ್ನು ಪ್ಯಾಕೆಟಿನಲ್ಲಿ ತರಬೇಡಿ. ಸಜ್ಜೆಯಲ್ಲಿ ಎಣ್ಣೆ ಅಂಶ ಜಾಸ್ತಿ, ಬೀಸಿದ ಕೆಲವೇ ದಿನಕ್ಕೆ ಹಿಟ್ಟು ಕಹಿಯಾಗುತ್ತದೆ. ಊರಿನ ಗಿರಣಿಯಲ್ಲಿ ಬೀಸಿಸಿ ಮರುದಿನವೇ ಬಡಿಯಿರಿ. ಕುದಿಯುವ ನೀರು ಹಾಕಿ ಕಲಸಿ, ಚೆನ್ನಾಗಿ ನಾದಿ, ಅರ್ಧ ತಟ್ಟಿದಾಗ ಮೇಲೆ ಒಂದು ಚಿಟಿಕೆ ಎಳ್ಳು ಉದುರಿಸಿ ತಟ್ಟುತ್ತಾ ಹೋಗಿ. ಮೊದಲೇ ಉದುರಿಸಿದರೆ ಎಳ್ಳು ಒಳಗೆ ಹುದುಗಿ ಕಾಣುವುದೇ ಇಲ್ಲ. ಕೊನೆಗೆ ಹಾಕಿದರೆ ಹಂಚಿನ ಮೇಲೆ ಉದುರಿ ಸುಟ್ಟುಹೋಗುತ್ತದೆ. ರೊಟ್ಟಿ ಬೆಂದ ಮೇಲೆ ಹಂಚಿನ ಅಂಚಿಗೆ, ಸಣ್ಣ ಉರಿಯಲ್ಲಿ ಒಣಬಟ್ಟೆಯಿಂದ ಒತ್ತುತ್ತಾ ಖಡಕ್ ಮಾಡಿ. ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಡಿ. ಬಿಸಿ ಇರುವಾಗಲೇ ಮುಚ್ಚಿಟ್ಟರೆ ಬೆವರಿ ಮೆತ್ತಗಾಗುತ್ತದೆ.

ರೊಟ್ಟಿ ಬಡಿಯಲು ಬರುವುದಿಲ್ಲವಾ? ಈಗ ಪ್ರತಿ ಊರಲ್ಲೂ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಹಬ್ಬದ ವಾರ ಅವರಿಗೂ ಕೈ ತುಂಬಾ ಕೆಲಸ. ಹತ್ತು ದಿನ ಮುಂಚೆ ಹೇಳಿಬಿಡಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಎಣ್ಣೆಗಾಯಿ ಮತ್ತು ಉಳಿದದ್ದು

ಬರಗಾಲದ ಒಂದು ವರ್ಷ ಬಿಟ್ಟರೆ ಎಣ್ಣೆಗಾಯಿ ಇಲ್ಲದ ಚರಗವನ್ನು ನಾನು ನೋಡಿಲ್ಲ. ಅರ್ಧ ಕಿಲೋ ಸಣ್ಣ, ದುಂಡನೆಯ ಬದನೆಕಾಯಿ ತೆಗೆದುಕೊಳ್ಳಿ. ತೊಟ್ಟು ತೆಗೆಯಬೇಡಿ, ಅಡಿಯಿಂದ ನಾಲ್ಕು ಸೀಳು ಮಾಡಿ ಉಪ್ಪು ನೀರಿನಲ್ಲಿ ಹಾಕಿ. ಒಂದು ಬಟ್ಟಲು ಶೇಂಗಾ ಹುರಿದು ಸಿಪ್ಪೆ ತೆಗೆಯಿರಿ. ಎರಡು ಚಮಚ ಎಳ್ಳು, ಎರಡು ಚಮಚ ಗುರೆಳ್ಳು ಬೇರೆ ಬೇರೆ ಹುರಿಯಿರಿ. ಗುರೆಳ್ಳು ಬೇಗ ಸೀಯುತ್ತದೆ, ಹುಷಾರು. ಕಾಲು ಬಟ್ಟಲು ಒಣಕೊಬ್ಬರಿ, ಬೆಳ್ಳುಳ್ಳಿ, ಮಸಾಲೆ ಖಾರ, ನಿಂಬೆಗಾತ್ರದ ಹುಣಸೆ, ಸ್ವಲ್ಪ ಬೆಲ್ಲ, ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟಿ ಕಾಯಿಗೆ ತುಂಬಿ. ಎಣ್ಣೆಗೆ ಜಿಪುಣತನ ಮಾಡಬೇಡಿ, ಹೆಸರಲ್ಲೇ ಇದೆಯಲ್ಲ. ಹೊಲಕ್ಕೆ ಒಯ್ಯುವುದಾದರೆ ರಸ ಕಡಿಮೆ ಇಟ್ಟು ಗಟ್ಟಿ ಮಾಡಿ. ಚಕ್ಕಡಿ ಒಂದು ಸಲ ಕುಲುಕಿದರೆ ಬೋಗುಣಿಯಲ್ಲಿದ್ದ ರಸ ನಿಮ್ಮ ಹೊಸ ಸೀರೆಗೆ.

ಕಲಬುರಗಿ, ಬೀದರ್ ಕಡೆಯವರು ಭಜ್ಜಿ ಮಾಡುತ್ತಾರೆ. ಬೆಂಗಳೂರಿನ ಮೆಣಸಿನಕಾಯಿ ಬಜ್ಜಿ ಅಂದುಕೊಂಡು ಹೋದ ನಮ್ಮ ಭಾವ ಮೊದಲ ಸಲ ಮಿಕಿಮಿಕಿ ನೋಡುತ್ತಾ ಕೂತಿದ್ದರು. ಇದು ಕರಿದದ್ದಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯೆ, ಪಾಲಕ್, ಬದನೆ, ಗಜ್ಜರಿ, ಆ ವಾರ ಹೊಲದಲ್ಲಿ ಏನು ಸಿಗುತ್ತದೋ ಎಲ್ಲ ಹಾಕಿ ಬೇಯಿಸಿ, ಹಿಟ್ಟು ಹಚ್ಚಿ ಗಟ್ಟಿ ಮಾಡುವ ಪಲ್ಯೆ. ಸಜ್ಜೆ ರೊಟ್ಟಿಗೆ ಇದರಂಥ ಜೋಡಿ ಇನ್ನೊಂದಿಲ್ಲ. ನಾನು ವಿಜಯಪುರದವಳಾಗಿಯೂ ಒಪ್ಪಿಕೊಳ್ಳುತ್ತೇನೆ.

ಉಳಿದಂತೆ ಶೇಂಗಾ ಹೋಳಿಗೆ ಇಲ್ಲವೇ ಎಳ್ಳು ಹೋಳಿಗೆ, ಕಡುಬು, ಪುಂಡಿ ಪಲ್ಯೆ, ಅಗಸಿ ಚಟ್ನಿ, ಮೊಸರನ್ನ. ಎಲ್ಲವನ್ನೂ ಮಾಡಬೇಕು ಅಂತಿಲ್ಲ. ಖಾರ ತಿನ್ನದ ಮಕ್ಕಳಿಗೆ ಮೊಸರನ್ನ, ಹೋಳಿಗೆ ಸಾಕು.

ಬುತ್ತಿ ಕಟ್ಟುವಾಗ ಚರಗದ ಪಾಲನ್ನು ಬೇರೆ ಇಡಿ. ಇದನ್ನು ಮರೆಯುವವರೇ ಜಾಸ್ತಿ. ನಾವೆಲ್ಲ ಉಂಡು ಉಳಿದದ್ದನ್ನು ಚೆಲ್ಲುವುದಲ್ಲ ಚರಗ. ಅಡುಗೆ ಇಳಿಸಿದ ಕೂಡಲೇ, ಯಾರೂ ರುಚಿ ನೋಡುವ ಮುಂಚೆ, ಎಲ್ಲದರಲ್ಲೂ ಒಂದು ತುತ್ತು ತೆಗೆದು ಸಣ್ಣ ಬುಟ್ಟಿಗೆ ಹಾಕಿ. ಅನ್ನ ಜಾಸ್ತಿ ಇರಲಿ. ರೊಟ್ಟಿ, ಕಡುಬು, ಹೋಳಿಗೆಯನ್ನು ಬೆರಳ ತುದಿಯಷ್ಟು ಚೂರು ಮಾಡಿ. ಉಪ್ಪಿನಕಾಯಿ, ಬರೀ ಖಾರ ಬೇಡ. ತಿನ್ನುವವರು ಹಕ್ಕಿ, ಇರುವೆ, ಅಳಿಲು ಅನ್ನುವುದು ನೆನಪಿರಲಿ.

ಹೊಲಕ್ಕೆ ಹೊರಡುವುದು

ಬೆಳಿಗ್ಗೆ ಏಳಕ್ಕೇ ಓಡಬೇಡಿ. ಮಂಜು ಆರಬೇಕು. ಕಡಲೆ ಗಿಡದ ಎಲೆ, ಕಾಯಿಯ ಮೇಲೆ ಹುಳಿ ಒಸರುತ್ತದೆ. ಮಂಜಿನಲ್ಲಿ ಅದು ಕರಗಿ ಕಾಲಿಗೆ, ಬಟ್ಟೆಗೆ ಹತ್ತುತ್ತದೆ. ಹಿಂದೆ ನಮ್ಮ ದೊಡ್ಡವ್ವ ನಸುಕಿನಲ್ಲಿ ಬಿಳಿ ಅರಿವೆಯನ್ನು ಕಡಲೆ ಸಾಲಿನ ಮೇಲೆ ಹಾಸಿ, ಒದ್ದೆಯಾದ ಮೇಲೆ ಹಿಂಡಿ ಶೀಶೆಯಲ್ಲಿ ಇಡುತ್ತಿದ್ದರು. ಹೊಟ್ಟೆನೋವು ಅಂದರೆ ಅದೇ ಔಷಧ. ಚರ್ಮದ ಚಪ್ಪಲಿ ಹಾಕಿಕೊಂಡು ಕಡಲೆಯಲ್ಲಿ ಇಳಿದರೆ ಚಪ್ಪಲಿ ಕೆಡುತ್ತದೆ. ಹತ್ತು, ಹತ್ತೂವರೆಗೆ ಹೊರಟರೆ ಸರಿ.

ಎತ್ತುಗಳಿದ್ದರೆ ಮೈ ತೊಳೆದು, ಗೆಜ್ಜೆ ಸರ, ಝೂಲ ಹಾಕಿ ಚಕ್ಕಡಿ ಕಟ್ಟಿ. ಈಗ ಟ್ರ್ಯಾಕ್ಟರ್, ಟಂಟಂ ಬಂದಿವೆ, ಅದರಲ್ಲೇ ಹೋಗಿ, ದೋಷ ಏನಿಲ್ಲ. ಚಕ್ಕಡಿ ಫೋಟೋ ಬೇಕು ಅಂತ ಹದಿನೈದು ಮಂದಿ ಹತ್ತಬೇಡಿ. ಎತ್ತುಗಳಿಗೆ ಒಂದೊಂದು ಹೋಳಿಗೆ ಸಾಕು. ಪ್ರೀತಿ ಮಾಡಿ ಬುಟ್ಟಿ ಬುಟ್ಟಿ ತಿನ್ನಿಸಿದರೆ ಹೊಟ್ಟೆ ಉಬ್ಬರಿಸುತ್ತದೆ.

ಒಂದು ಕೋಲು ಇಟ್ಟುಕೊಳ್ಳಿ. ಎರೆ ಭೂಮಿ ಈ ಹೊತ್ತಿಗೆ ಬಿರಿದಿರುತ್ತದೆ, ಬಿರುಕಿನಲ್ಲಿ ಇಲಿ ಇರುತ್ತವೆ, ಇಲಿಯ ಹಿಂದೆ ಹಾವು. ಮಕ್ಕಳನ್ನು ಜೋಳದೊಳಗೆ ಒಬ್ಬೊಬ್ಬರನ್ನೇ ಬಿಡಬೇಡಿ. ಬದುವಿನ ಸುತ್ತ ಕುಸುಬಿ ಬಿತ್ತಿರುತ್ತಾರೆ. ದನ ಒಳಗೆ ಬರದಿರಲಿ ಅಂತ ಹಾಕಿದ ಮುಳ್ಳಿನ ಬೇಲಿ ಅದು. ಹೂ ಚಂದ ಅಂತ ಕೈ ಹಾಕಿದರೆ ಚುಚ್ಚುತ್ತದೆ.

ಐದು ಕಲ್ಲು, ಒಂದು ಬನ್ನಿ

ಹೊಲದಲ್ಲಿ ಬನ್ನಿ ಗಿಡ ಇದ್ದರೆ ಅದರ ಬುಡದಲ್ಲಿ, ಇಲ್ಲದಿದ್ದರೆ ಬೆಳೆಯ ನಡುವೆ ಚೊಕ್ಕಟ ಜಾಗದಲ್ಲಿ ಪೂಜೆ. ಬೀದರ್ ಕಡೆ ಜೋಳದ ದಂಟಿನಿಂದ ಸಣ್ಣ ಗುಡಿಸಲು ಕಟ್ಟಿ ಒಳಗೆ ದೇವರನ್ನು ಕೂರಿಸುತ್ತಾರೆ. ಗುಡಿಯ ಮೂರ್ತಿ ಬೇಕಿಲ್ಲ. ಹೊಲದಲ್ಲೇ ಐದು ಕಲ್ಲು ಆರಿಸಿ ತೊಳೆದು, ಸುಣ್ಣ ಹಚ್ಚಿ ಸಾಲಾಗಿ ಇಡಿ. ಇವರೇ ಪಾಂಡವರು. ಅರಿಶಿನ, ಕುಂಕುಮ, ಹೂ ಏರಿಸಿ. ಪಕ್ಕದ ನಾಲ್ಕು ಜೋಳದ ದಂಟನ್ನು ಕೀಳದೆ ಹಾಗೇ ಸೇರಿಸಿ ಕಟ್ಟಿ, ಅದಕ್ಕೆ ಹಸಿರು ಕುಪ್ಪಸದ ಬಟ್ಟೆ ಹೊದಿಸಿ, ಹಸಿರು ಬಳೆ ಇಡಿ. ಗೋಧಿ ಇಲ್ಲವೇ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ-ಅಡಿಕೆ ಹಾಕಿ ಉಡಿ ತುಂಬಿ. ಆಕೆಯೇ ಭೂತಾಯಿ.

ಮಂತ್ರ ಬರುವುದಿಲ್ಲ ಅಂತ ಹಿಂಜರಿಯಬೇಡಿ. ನಮ್ಮ ಮನೆಯಲ್ಲಿ ಯಾವತ್ತೂ ಪೂಜಾರಿ ಬಂದಿಲ್ಲ. ಮನೆಯ ಹಿರಿಯ ಹೆಣ್ಣುಮಗಳು ಪೂಜೆ ಮಾಡುತ್ತಾಳೆ. "ಅವ್ವಾ ಭೂಮಿತಾಯಿ, ಹೊಟ್ಟಿ ತುಂಬ ಉಣ್ಣು, ನಮ್ಮನ್ನೂ ಉಣಿಸು." ಇಷ್ಟೇ. ದೀಪ ಗಾಳಿಗೆ ಆರುತ್ತದೆ, ಒಂದು ಅಗಲ ಬಾಯಿಯ ಗಡಿಗೆಯೊಳಗೆ ಇಡಿ. ಎಲೆಯ ಮೇಲೆ ಎಡೆ ಹಾಕಿ, ಕಾಯಿ ಒಡೆದು, ಕೈ ಮುಗಿಯಿರಿ. ಹೊಲದಲ್ಲಿ ಬಾವಿಯೋ ಬೋರೋ ಇದ್ದರೆ ಅದಕ್ಕೂ ಒಂದು ಎಡೆ.

ಕೈ ಮುಗಿಯುವಾಗ ಒಂದು ಸಲ ಕಾಲ ಕೆಳಗೆ ನೋಡಿ. ಹಿಂಗಾರಿ ಜೋಳಕ್ಕೆ ನಮ್ಮಲ್ಲಿ ನೀರು ಹಾಯಿಸುವವರು ಕಡಿಮೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿದ್ದ ಮಳೆಯನ್ನು ಈ ಕಪ್ಪು ಮಣ್ಣು ಹೀರಿ ಒಳಗೆ ಹಿಡಿದಿಟ್ಟಿರುತ್ತದೆ. ಆಮೇಲೆ ಹನಿ ಬೀಳದಿದ್ದರೂ ಆಳುದ್ದ ಜೋಳ ಅದೇ ತೇವದಲ್ಲಿ ತೆನೆ ಹಾಯುತ್ತದೆ. ಬಿರುಕು ಬಿಟ್ಟರೆ ಆ ತೇವ ಹಾರಿಹೋಗುತ್ತದೆ ಅಂತಲೇ ರೈತರು ಸಾಲಿನ ನಡುವೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚುತ್ತಾರೆ. ಮೂರು ತಿಂಗಳು ನೀರನ್ನು ಮಡಿಲಲ್ಲಿ ಕಟ್ಟಿಕೊಂಡು ಕೂತವಳಿಗೆ ನಾವು ಒಂದು ಬುಟ್ಟಿ ಅನ್ನ ಕೊಡುತ್ತಿದ್ದೇವೆ. ಲೆಕ್ಕ ಎಲ್ಲಿಗೂ ಸರಿಹೋಗುವುದಿಲ್ಲ.

ಚರಗ ಚೆಲ್ಲುವುದು

ಈಗ ಹಬ್ಬದ ಮುಖ್ಯ ಕೆಲಸ. ಒಬ್ಬರು ಚರಗದ ಬುಟ್ಟಿ ಹಿಡಿಯಬೇಕು, ಇನ್ನೊಬ್ಬರು ನೀರಿನ ತಂಬಿಗೆ. ಪೂಜೆಯ ಜಾಗದಿಂದ ಶುರು ಮಾಡಿ ಬದುವಿನ ಗುಂಟ ಇಡೀ ಹೊಲ ಸುತ್ತಬೇಕು. ಮುಂದಿನವರು ಹಿಡಿ ಹಿಡಿಯಾಗಿ ಬೆಳೆಯ ಬುಡಕ್ಕೆ ಬೀರುತ್ತಾ ಹೋಗುತ್ತಾರೆ, ಹಿಂದಿನವರು ನೀರು ಚಿಮುಕಿಸುತ್ತಾ ಬರುತ್ತಾರೆ. ಉಂಡವರಿಗೆ ನೀರು ಕೊಡಬೇಕಲ್ಲ, ಅದಕ್ಕೆ. ಮುಂದಿನವರು "ಹುಲ್ಲುಲ್ಲಿಗೋ" ಅಂದರೆ ಹಿಂದಿನವರು "ಚಲಾಂಬರಿಗೋ" ಅನ್ನಬೇಕು. ಈ ಸೊಲ್ಲು ಊರಿಂದ ಊರಿಗೆ ಬದಲಾಗುತ್ತದೆ. ನಿಮ್ಮ ಊರಲ್ಲಿ ಏನು ಕೂಗುತ್ತಾರೋ ಅದನ್ನೇ ಕೂಗಿ, ಜೋರಾಗಿ ಕೂಗಿ. ಪಕ್ಕದ ಹೊಲದವರೂ ಕೂಗುತ್ತಿರುತ್ತಾರೆ. ಮಕ್ಕಳಿಗೆ ಇದೇ ಹಬ್ಬ.

ಹೊಲ ದೊಡ್ಡದಿದ್ದು ಬುಟ್ಟಿ ಸಣ್ಣದಾದರೆ ನಾಲ್ಕು ಮೂಲೆಗೆ, ನಡುವೆ ಒಂದು ಕಡೆ ಹಾಕಿ. ಇರುವೆ ಗೂಡು ಕಂಡರೆ ಅಲ್ಲಿ ಒಂದು ಹಿಡಿ. ಮುದ್ದೆ ಮುದ್ದೆಯಾಗಿ ಎಸೆಯಬೇಡಿ. ನಾಯಿ, ಹಂದಿ ಅದನ್ನು ಹುಡುಕಿ ಬಂದು ಬೆಳೆ ತುಳಿಯುತ್ತವೆ. ತೆಳ್ಳಗೆ ಬೀರಿದರೆ ಗೊರವಂಕ, ಕಾಗೆ, ಗುಬ್ಬಿ ಬರುತ್ತವೆ. ಅನ್ನಕ್ಕೆ ಬಂದ ಹಕ್ಕಿ ಕಡಲೆಯಲ್ಲಿದ್ದ ಕಾಯಿಕೊರಕ ಹುಳವನ್ನೂ ಬಿಡುವುದಿಲ್ಲ. ಕಡಲೆ ಹೊಲದಲ್ಲಿ ಹಕ್ಕಿ ಕೂರಲು ಕವಲು ಗೂಟ ನೆಡಿ ಅಂತ ಕೃಷಿ ತಜ್ಞರು ಹೇಳುವುದೂ ಇದಕ್ಕೇ. ಆದರೆ ಚರಗ ಅಂದರೆ ಕೀಟ ನಿಯಂತ್ರಣ ಅಂತ ಮಕ್ಕಳಿಗೆ ಪಾಠ ಮಾಡಲು ನಿಲ್ಲಬೇಡಿ. ಹಕ್ಕಿಗೂ ಪಾಲಿದೆ ಅನ್ನುವುದೇ ಸಾಕು. ಹುಳದ ಮಾತು ಆಮೇಲೆ.

ಬೆಳೆ ಬಾರದ ವರ್ಷ ಏನು ಮಾಡುವುದು ಅಂತ ಕೆಲವರು ಕೇಳುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಅದೇ ಚಳಿಗಾಲದ ಎಳ್ಳ ಅಮಾವಾಸ್ಯೆ, ಜನವರಿ 11ರದ್ದು. ನಮ್ಮ ಜೋಳ ಮೊಣಕಾಲಿನ ಎತ್ತರಕ್ಕೆ ನಿಂತು ಎಲೆ ಸುರುಳಿ ಸುತ್ತಿತ್ತು. ಈ ಸಲ ಹೊಲಕ್ಕೆ ಹೋಗುವುದೇ ಬೇಡ, ಮನೆಯಲ್ಲೇ ಎಡೆ ಹಿಡಿಯೋಣ ಅಂದೆ. ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು. "ಯಾಕ? ಬೆಳಿ ಬಂದಿಲ್ಲಂತ ಆಕಿನ್ನ ಉಪವಾಸ ಕೆಡವತಿಯೇನು? ನೀರು ಆಕಿಗೂ ಸಿಕ್ಕಿಲ್ಲ." ಆ ವರ್ಷ ಹೋಳಿಗೆ ಇಲ್ಲ, ಎಣ್ಣೆಗಾಯಿ ಇಲ್ಲ. ಸಜ್ಜೆ ರೊಟ್ಟಿ, ಅನ್ನ, ಬೆಲ್ಲ ಒಯ್ದೆವು. ದೊಡ್ಡವ್ವ ಮಾತ್ರ ತಂಬಿಗೆ ಬದಲು ಕೊಡ ಹೊತ್ತು ಬಂದಿದ್ದರು. ಚರಗದ ಹಿಂದೆ ನೀರನ್ನು ಚಿಮುಕಿಸಲಿಲ್ಲ, ಸುರಿಯುತ್ತಾ ಬಂದರು.

ಊಟ, ಸುಲಗಾಯಿ, ಸೀತನಿ

ಸುತ್ತು ಹಾಕಿ ಬಂದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಹೊಲ ಇಲ್ಲದ ನೆರೆಯವರು, ಕೆಲಸಕ್ಕೆ ಬರುವವರು, ಪರಿಚಯದ ಮೇಷ್ಟ್ರು, ಯಾರನ್ನಾದರೂ ಕರೆದಿರಬೇಕು. ಬರೀ ಮನೆಯವರೇ ಉಂಡು ಬರುವ ಚರಗಕ್ಕೆ ಕಳೆ ಇಲ್ಲ.

ಊಟವಾದ ಮೇಲೆ ಸುಲಗಾಯಿ, ಅಂದರೆ ಹಸಿ ಕಡಲೆಕಾಯಿಯನ್ನು ಗಿಡದ ಸಮೇತ ಸುಡುವುದು. ಬೆಂಕಿ ಹಚ್ಚುವ ಮುಂಚೆ ಒಂದು ಪ್ರಶ್ನೆ ಕೇಳಿ, ಈ ಕಡಲೆಗೆ ಔಷಧ ಹೊಡೆದು ಎಷ್ಟು ದಿನ ಆಯ್ತು? ಈಚೆಗೆ ಹೊಡೆದಿದ್ದರೆ ಮುಟ್ಟಲೇಬೇಡಿ, ಸುಟ್ಟರೆ ವಿಷ ಹೋಗುತ್ತದೆ ಅನ್ನುವುದು ಸುಳ್ಳು. ಹೊಡೆದಿಲ್ಲ ಅಂತಾದರೆ ಕಾಯಿ ತುಂಬಿದ ಐದಾರು ಗಿಡ ಕಿತ್ತು, ಒಣ ಕಡ್ಡಿ ಉರಿಯ ಮೇಲೆ ಹಿಡಿದು ಮಗುಚುತ್ತಾ ಇರಿ. ಎಲೆ ಚಟಪಟ ಅಂತ ಸುಟ್ಟು ಕಾಯಿ ಕರ್ರಗಾದರೆ ಆಯಿತು. ಗೋಣಿ ಚೀಲದ ಮೇಲೆ ಉಜ್ಜಿ, ಬಿಡಿಸಿ ತಿನ್ನಿ. ಕೈ, ಬಾಯಿ, ಮೂಗು ಎಲ್ಲ ಕಪ್ಪು.

ಸೀತನಿ ಅಂದರೆ ಸುಟ್ಟ ಹಸಿ ಜೋಳ, ಅದಕ್ಕೆ ತೆನೆ ಹದವಾಗಿರಬೇಕು. ಕಾಳನ್ನು ಉಗುರಿನಿಂದ ಒತ್ತಿ ನೋಡಿ. ನೀರು ಬಂದರೆ ಇನ್ನೂ ಎಳೆಯದು. ಏನೂ ಬರದಿದ್ದರೆ ಬಲಿತುಬಿಟ್ಟಿದೆ. ಗಟ್ಟಿ ಹಾಲು ಬಂದರೆ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಉದುರಿಸಿ. ಹಸಿರು ಹಸಿರು ಕಾಳು, ಬೆಲ್ಲ, ಶೇಂಗಾ ಚಟ್ನಿ. ಹಬ್ಬ ಡಿಸೆಂಬರಿನಲ್ಲೇ ಬಂದ ವರ್ಷ ತೆನೆ ಹದಕ್ಕೆ ಬಂದಿರುವುದಿಲ್ಲ, ಸುಮ್ನೆ ಕಿತ್ತು ಹಾಳು ಮಾಡಬೇಡಿ. ಸಂಕ್ರಾಂತಿಗೆ ಇನ್ನೊಮ್ಮೆ ಬಂದರಾಯಿತು.

ಹೊಲ ಮಾರಿಬಿಟ್ಟವರು, ಹೊಲವೇ ಇಲ್ಲದವರು ಊರಿನ ಪರಿಚಯದವರನ್ನು ಒಂದು ಮಾತು ಕೇಳಿ. "ನಮ್ಮ ಹೊಲದಾಗ ಚರಗ ಚೆಲ್ಲಬ್ಯಾಡ್ರಿ" ಅಂದವರನ್ನು ನಾನು ಕಂಡಿಲ್ಲ. ಅವರಿಗೂ ಸೇರಿಸಿ ಹತ್ತು ರೊಟ್ಟಿ ಜಾಸ್ತಿ ಒಯ್ಯಿರಿ. ಪುಣೆಯಲ್ಲಿರುವ ನನ್ನ ತಂಗಿ ಬಾಲ್ಕನಿಯ ಮೆಂತ್ಯೆ ಕುಂಡಕ್ಕೇ ಐದು ಬೆಣಚುಕಲ್ಲು ಇಟ್ಟು ಎಡೆ ಹಿಡಿಯುತ್ತಾಳೆ. ಅಪಾರ್ಟ್‌ಮೆಂಟಿನ ಪಾರಿವಾಳಗಳಿಗೆ ಸಜ್ಜೆ ರೊಟ್ಟಿ ಸೇರುತ್ತದಂತೆ.

ಹೊರಡುವ ಮುಂಚೆ

ಕೆಂಡದ ಮೇಲೆ ನೀರು ಸುರಿದು, ಮಣ್ಣು ಎಳೆಯಿರಿ. ಒಣ ರವದಿ ಇರುವ ಹೊಲದಲ್ಲಿ ಒಂದು ಕಿಡಿ ಸಾಕು. ಮುತ್ತಲ ಎಲೆ, ಬಾಳೆ ಎಲೆ ಆದರೆ ತಿಪ್ಪೆಗೆ ಹಾಕಬಹುದು. ಪ್ಲಾಸ್ಟಿಕ್ ತಟ್ಟೆ, ಲೋಟ ತರಲೇಬೇಡಿ. ತಂದಿದ್ದರೆ ಬಂದಾಗ ಎಷ್ಟಿತ್ತೋ ಅಷ್ಟನ್ನು ಎಣಿಸಿ ವಾಪಸ್ ಒಯ್ಯಿರಿ. ಒಂದು ವರ್ಷ ತೊಳೆಯುವ ತಾಪತ್ರಯ ಬೇಡ ಅಂತ ನಾನೇ ಐವತ್ತು ಲೋಟದ ಪೊಟ್ಟಣ ತಂದಿದ್ದೆ. ಮಧ್ಯಾಹ್ನ ಗಾಳಿ ಎದ್ದು ಒಂದಷ್ಟು ಜೋಳದೊಳಗೆ ಹಾರಿಹೋದವು. ಹೋಗಲಿ ಬಿಡು ಅಂದುಕೊಂಡೆ. ಮೇ ತಿಂಗಳಲ್ಲಿ ಕಾಕಾ ಹೊಲ ಹರಗುವಾಗ ಕುಂಟೆಗೆ ಸಿಕ್ಕಿ ನಾಲ್ಕು ಲೋಟ ಮೇಲೆದ್ದವು. ಅವರು ನನಗೆ ಏನೂ ಅನ್ನಲಿಲ್ಲ. ನಾಲ್ಕನ್ನೂ ತೊಳೆದು, ನಮ್ಮ ಮನೆ ಕಟ್ಟೆಯ ಮೇಲೆ ಸಾಲಾಗಿ ಬೋರಲು ಹಾಕಿ ಹೋಗಿದ್ದರು.